ಬೆಂಗಳೂರು ಪ್ರವಾಸಕ್ಕೆ ಯಾವ ಪಾಸು? – ನಗರ ಸಂಚಾರ ವೆಚ್ಚದ ಒಂದು ಲೆಕ್ಕಾಚಾರ

ನಮ್ಮಂತಹ ಜಿಲ್ಲಾ ಕೇಂದ್ರಗಳ ವರ್ತಕರಿಗೂ ಸಣ್ಣ ಉದ್ದಿಮೆದಾರರಿಗೂ ಬೆಂಗಳೂರಿನ ಪ್ರವಾಸ ತಪ್ಪಿದ್ದಲ್ಲ. ಜವಳಿಗೆ ಚಿಕ್ಕಪೇಟೆ, ಹಾರ್ಡ್‌ವೇರ್ ಮತ್ತು ಯಂತ್ರೋಪಕರಣಕ್ಕೆ ಎಸ್.ಜೆ.ಪಿ. ರಸ್ತೆ, ವಾಹನಗಳ ಬಿಡಿಭಾಗಕ್ಕೆ ಜೆ.ಸಿ. ರಸ್ತೆ, ಜಾಬ್‌ವರ್ಕಿಗೆ ಪೀಣ್ಯ, ವಸ್ತುಪ್ರದರ್ಶನಕ್ಕೆ ಮಾದಾವರ ಎಂದು ತಿಂಗಳಿಗೊಮ್ಮೆಯಾದರೂ ಮಾಲೀಕರೋ ಅವರ ಸಿಬ್ಬಂದಿಯೋ ಹೋಗಿಬರುತ್ತಾರೆ. ಊರಿನಿಂದ ಬೆಂಗಳೂರಿಗೆ ರೈಲಿಗೆಷ್ಟು, ಬಸ್ಸಿಗೆಷ್ಟು ಎಂಬುದು ಎಲ್ಲರಿಗೂ ಬಾಯಿಪಾಠವಾಗಿದೆ. ಆದರೆ ಬೆಂಗಳೂರಿನಲ್ಲಿ ಇಳಿದ ಮೇಲೆ ನಗರದೊಳಗೆ ತಗಲುವ ಖರ್ಚು ಮಾತ್ರ ಲೆಕ್ಕಪುಸ್ತಕದಲ್ಲಿ ‘ಸ್ಥಳೀಯ ಸಂಚಾರ’ ಎಂಬ ಒಂದೇ ಸಾಲಿನೊಳಗೆ ಅಡಗಿಹೋಗುತ್ತದೆ. ಅದನ್ನು ಬಿಡಿಸಿ ನೋಡುವ ವ್ಯವಧಾನ ಯಾರಿಗೂ ಇರುವುದಿಲ್ಲ.

ಈ ಸಾಲನ್ನು ಬಿಡಿಸಿ ನೋಡುವ ಪ್ರಸಂಗ ನನಗೆ ಒಂದು ಲೆಕ್ಕಪರಿಶೋಧನೆಯ ಸಂದರ್ಭದಲ್ಲಿ ಒದಗಿಬಂತು. ಕೃಷಿ ಉಪಕರಣಗಳ ಬಿಡಿಭಾಗಗಳನ್ನು ತಯಾರಿಸುವ ಒಂದು ಘಟಕ. ಅಲ್ಲಿಂದ ಬೆಂಗಳೂರಿಗೆ ಹೋಗುವವರು ಇಬ್ಬರು. ಒಬ್ಬ ಯುವಕ ಖರೀದಿಯ ಕೆಲಸದವನು; ಮತ್ತೊಬ್ಬರು ಐವತ್ತೆಂಟರ ವಯಸ್ಸಿನ ಹಿರಿಯ ಗುಮಾಸ್ತರು. ಯುವಕನ ವೋಚರಿನಲ್ಲಿ ದಿನವೊಂದಕ್ಕೆ ನಗರ ಸಂಚಾರಕ್ಕೆಂದು 80 ರೂ. ಹಿರಿಯರ ವೋಚರಿನಲ್ಲಿ 330, 340 ರೂ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದ ಮಾಲೀಕರು ‘ಒಂದೇ ಊರು, ಒಂದೇ ದಿನ, ಇಷ್ಟು ಅಂತರವೇಕೆ?’ ಎಂದು ಆಶ್ಚರ್ಯಪಟ್ಟು, ಇನ್ನು ಮುಂದೆ ಯಾರೇ ಹೋದರೂ ಬಸ್ಸಿನ ದಿನದ ಪಾಸಿನ ಮೊತ್ತವಾದ 80 ರೂಪಾಯಿಯನ್ನು ಮಾತ್ರ ಕೊಡತಕ್ಕದ್ದು ಎಂದು ಆದೇಶಿಸಿದರು. 2025ರ ಕೊನೆಯ ನಾಲ್ಕು ತಿಂಗಳು ಹೀಗೆಯೇ ನಡೆಯಿತು. ವೆಚ್ಚ ಇಳಿದುದನ್ನು ಅವರು ನನಗೆ ಹೆಮ್ಮೆಯಿಂದಲೇ ತೋರಿಸಿದರು. ಈ ಪ್ರಕರಣ ಎಲ್ಲಿಗೆ ಮುಟ್ಟಿತೆಂಬುದನ್ನು ಮುಂದೆ ಹೇಳುತ್ತೇನೆ. ಅದಕ್ಕೆ ಮೊದಲು ಪಾಸು ಎಂದರೇನು ಎಂಬುದನ್ನು ವಾಣಿಜ್ಯದ ದೃಷ್ಟಿಯಿಂದ ಸ್ವಲ್ಪ ವಿಚಾರಿಸೋಣ.

ಪಾಸು ಒಂದು ಸ್ಥಿರ ವೆಚ್ಚ

ಬಿಡಿ ಟಿಕೆಟು ಬದಲಾಗುವ ವೆಚ್ಚ, ಹತ್ತಿದಷ್ಟಕ್ಕೆ ತೆರುತ್ತೇವೆ. ಪಾಸು ಸ್ಥಿರ ವೆಚ್ಚ. ಹತ್ತಿದರೂ ಹತ್ತದಿದ್ದರೂ ಹಣ ಮೊದಲೇ ಕೈಬಿಟ್ಟಿರುತ್ತದೆ. ಹೊಸ ಯಂತ್ರವನ್ನು ಕೊಳ್ಳುವಾಗ ಎಷ್ಟು ನಗ ತಯಾರಾದರೆ ಅದರ ಖರ್ಚು ಗಿಟ್ಟುತ್ತದೆ ಎಂದು ಲೆಕ್ಕ ಹಾಕುವ ನಮ್ಮ ಉದ್ದಿಮೆದಾರರು ಪಾಸಿನ ವಿಷಯದಲ್ಲಿ ಮಾತ್ರ ‘ಪಾಸು ಅಗ್ಗ’ ಎಂಬ ನಂಬಿಕೆಯ ಮೇಲೆಯೇ ನಡೆಯುತ್ತಾರೆ. ಪಾಸಿನ ಬೆಲೆಯನ್ನು ಒಂದು ಪ್ರಯಾಣದ ಸರಾಸರಿ ದರದಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಲಾಭವೂ ಇಲ್ಲದ ನಷ್ಟವೂ ಇಲ್ಲದ ಬಿಂದು. ಅದನ್ನು ಮೀರಿ ಹತ್ತಿದ ಪ್ರತಿಯೊಂದು ಪ್ರಯಾಣವೂ ಉಳಿತಾಯ. ಅದಕ್ಕಿಂತ ಕಡಿಮೆಯಾದರೆ ಅಷ್ಟೂ ನಷ್ಟ. ಆದ್ದರಿಂದ ಮರುದಿನ ಎಲ್ಲೆಲ್ಲಿಗೆ ಹೋಗಬೇಕೆಂಬ ಪಟ್ಟಿಯನ್ನು ಹಿಂದಿನ ರಾತ್ರಿಯೇ ಬರೆಯದೆ ಪಾಸು ಕೊಳ್ಳುವುದು ಆರ್ಡರನ್ನು ನೋಡದೆ ಕಚ್ಚಾ ಮಾಲು ತರಿಸಿದಂತೆ.

ಬಸ್ಸಿನ ಪಾಸುಗಳು

ಬೆಂಗಳೂರು ಮಹಾನಗರ ಸಾರಿಗೆ ಸಂಸ್ಥೆಯ ದರಗಳು 2025ರ ಜನವರಿ 5ರಿಂದ ಶೇಕಡಾ 15ರಷ್ಟು ಏರಿದವು. ಆ ಪರಿಷ್ಕರಣೆಯಲ್ಲಿ ಸಾಮಾನ್ಯ ಬಸ್ಸಿನ ದಿನದ ಪಾಸು 70ರಿಂದ 80 ರೂಪಾಯಿಗೂ, ವಾರದ ಪಾಸು 300ರಿಂದ 350 ರೂಪಾಯಿಗೂ, ತಿಂಗಳ ಪಾಸು 1,050ರಿಂದ 1,200 ರೂಪಾಯಿಗೂ ಏರಿತು. ಹವಾನಿಯಂತ್ರಿತ ವಜ್ರ ಬಸ್ಸಿನ ದಿನದ ಪಾಸು 120ರಿಂದ 140 ರೂಪಾಯಿಯಾಯಿತು. ದರಗಳು ಮತ್ತೆ ಬದಲಾಗಬಹುದಾದ್ದರಿಂದ ಹೊರಡುವ ಮುನ್ನ ವಿಚಾರಿಸಿಕೊಳ್ಳುವುದು ಒಳ್ಳೆಯದು. ಇಲ್ಲಿ ಕೊಡುವ ಲೆಕ್ಕದ ರೀತಿ ಮಾತ್ರ ಬದಲಾಗುವುದಿಲ್ಲ.

ಸಾಮಾನ್ಯ ಬಸ್ಸಿನಲ್ಲಿ ಒಂದು ಪ್ರಯಾಣಕ್ಕೆ ಸರಾಸರಿ 20 ರೂ. ಎಂದು ಹಿಡಿದರೆ ನಾಲ್ಕು ಬಾರಿ ಹತ್ತಿದಾಗ 80 ರೂ. ಆಗುತ್ತದೆ. ಐದನೆಯ ಬಾರಿಯಿಂದ ಉಳಿತಾಯ. ಎಸ್.ಜೆ.ಪಿ. ರಸ್ತೆ, ಜೆ.ಸಿ. ರಸ್ತೆ, ಅಲ್ಲಿಂದ ಶಿವಾಜಿನಗರ, ಅಲ್ಲಿಂದ ಯಶವಂತಪುರದ ಮಾರುಕಟ್ಟೆ ಪ್ರಾಂಗಣ ಎಂದು ಬಿಡಿಬಿಡಿಯಾಗಿ ಓಡಾಡುವ ಖರೀದಿದಾರನಿಗೆ ಐದಾರು ಬಾರಿ ಬಸ್ಸು ಹತ್ತುವುದು ಸಹಜ. ಅಂಥವನಿಗೆ ಈ ಪಾಸು ನಿಸ್ಸಂದೇಹವಾಗಿ ಲಾಭಕರ. ಚಿಲ್ಲರೆಯ ತಕರಾರಿಲ್ಲ, ಬಸ್ಸು ತಪ್ಪು ಹತ್ತಿದರೂ ಇಳಿದು ಮತ್ತೊಂದನ್ನು ಹತ್ತಬಹುದು. ಊರಿಗೆ ಹೊಸಬನಾದವನಿಗೆ ಈ ಕೊನೆಯ ಅನುಕೂಲ ಸಣ್ಣದಲ್ಲ.

ವಾರದ ಪಾಸಿನ ಲೆಕ್ಕ ಬೇರೆ. ನಾಲ್ಕು ದಿನದ ಬಿಡಿ ಪಾಸುಗಳಿಗೆ 320 ರೂ., ಐದು ದಿನಕ್ಕೆ 400 ರೂ. ಅಂದರೆ ಐದು ದಿನ ಪೂರ್ತಿ ನಗರದಲ್ಲಿದ್ದು, ಆ ಐದೂ ದಿನ ಬಸ್ಸಿನಲ್ಲಿಯೇ ಓಡಾಡುವವರಿಗೆ ಮಾತ್ರ 350 ರೂಪಾಯಿಯ ವಾರದ ಪಾಸು ಹೊಂದುತ್ತದೆ. ಸೋಮವಾರ ಬೆಳಿಗ್ಗೆ ಇಳಿದು ಗುರುವಾರ ರಾತ್ರಿ ರೈಲು ಹಿಡಿಯುವ ನಮ್ಮವರಿಗೆ ಅದು ಬೇಕಾಗಿಲ್ಲ. ತಿಂಗಳ ಪಾಸು ಹದಿನೈದು ದಿನದ ಪಾಸುಗಳಿಗೆ ಸಮ. ಬೆಂಗಳೂರಿನಲ್ಲಿ ಪ್ರತಿನಿಧಿಯನ್ನು ಖಾಯಮ್ಮಾಗಿ ಇರಿಸಿಕೊಂಡ ಸಂಸ್ಥೆಗಳ ವಿಷಯವದು.

ಇಲ್ಲಿ ಎರಡು ಅಂಶಗಳನ್ನು ಮರೆಯಬಾರದು. 2023ರ ಜೂನ್ 11ರಿಂದ ಜಾರಿಗೆ ಬಂದ ಶಕ್ತಿ ಯೋಜನೆಯಂತೆ ರಾಜ್ಯದ ನಿವಾಸಿಗಳಾದ ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಗುರುತಿನ ಚೀಟಿ ತೋರಿಸಿ ಶೂನ್ಯ ಟಿಕೆಟು ಪಡೆಯಬೇಕು. ಮಹಿಳಾ ಸಿಬ್ಬಂದಿಗೂ ಸೇರಿಸಿ ಸಗಟಾಗಿ ದಿನದ ಪಾಸು ಕೊಡಿಸಿದ ಸಂಸ್ಥೆಯನ್ನು ನಾನು ಕಂಡಿದ್ದೇನೆ. ಎರಡನೆಯದಾಗಿ, ಅರವತ್ತು ತುಂಬಿದ ಹಿರಿಯ ನಾಗರಿಕರಿಗೆ ಸಾಮಾನ್ಯ ಬಸ್ಸಿನ ಟಿಕೆಟಿನಲ್ಲಿ ಶೇಕಡಾ 25ರ ರಿಯಾಯಿತಿ ಇದೆ. 20 ರೂಪಾಯಿಯ ಟಿಕೆಟು 15 ರೂಪಾಯಿ ಆದಾಗ ಸಮಬಿಂದುವೂ ಮೇಲಕ್ಕೆ ಸರಿಯುತ್ತದೆ. ಅವರು ಆರು ಬಾರಿ ಹತ್ತದ ಹೊರತು ದಿನದ ಪಾಸು ಗಿಟ್ಟದು. ರಿಯಾಯಿತಿ ಇದ್ದವನಿಗೆ ಪಾಸು ದುಬಾರಿಯಾಗುತ್ತದೆ ಎಂಬುದು ಮೇಲ್ನೋಟಕ್ಕೆ ವಿಚಿತ್ರವೆನಿಸಿದರೂ ಲೆಕ್ಕ ಹಾಗಿದೆ.

ಮೆಟ್ರೋ – ಪಾಸೋ, ಸ್ಮಾರ್ಟ್ ಕಾರ್ಡೋ?

ನಮ್ಮ ಮೆಟ್ರೋದ ಹಸಿರು ಮಾರ್ಗ ನಮ್ಮ ಭಾಗದ ವರ್ತಕರಿಗೆ ಹೇಳಿ ಮಾಡಿಸಿದಂತಿದೆ. ತುಮಕೂರು ಮಾರ್ಗವಾಗಿ ಬರುವ ರೈಲುಗಳಿಂದ ಯಶವಂತಪುರದಲ್ಲಿ ಇಳಿದರೆ ಪಕ್ಕದಲ್ಲಿಯೇ ಮೆಟ್ರೋ. ಒಂದು ದಿಕ್ಕಿಗೆ ಪೀಣ್ಯ, ಪೀಣ್ಯ ಇಂಡಸ್ಟ್ರಿ, ನಾಗಸಂದ್ರ. 2024ರ ನವೆಂಬರ್ 7ರಿಂದ ಅದೇ ಮಾರ್ಗ ಮಾದಾವರದವರೆಗೂ ಬೆಳೆದು ಅಂತರರಾಷ್ಟ್ರೀಯ ವಸ್ತುಪ್ರದರ್ಶನ ಕೇಂದ್ರದ ಬಾಗಿಲಿಗೇ ತಲುಪಿಸುತ್ತದೆ. ಅದಕ್ಕೆ ಮೊದಲು ನಾಗಸಂದ್ರದಲ್ಲಿಳಿದು ಆಟೋದವರೊಡನೆ ವಾದಿಸಿದ್ದು ನಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಇನ್ನೊಂದು ದಿಕ್ಕಿಗೆ ಮೆಜೆಸ್ಟಿಕ್, ಚಿಕ್ಕಪೇಟೆ, ಕೃಷ್ಣರಾಜೇಂದ್ರ ಮಾರುಕಟ್ಟೆ. ಮುಂದೆ ಆರ್.ವಿ. ರಸ್ತೆಯಲ್ಲಿ 2025ರ ಆಗಸ್ಟಿನಲ್ಲಿ ಆರಂಭವಾದ ಹಳದಿ ಮಾರ್ಗಕ್ಕೆ ಬದಲಾಯಿಸಿಕೊಂಡರೆ ಎಲೆಕ್ಟ್ರಾನಿಕ್ ಸಿಟಿ, ಹೆಬ್ಬಗೋಡಿ, ಬೊಮ್ಮಸಂದ್ರದ ಕೈಗಾರಿಕಾ ಪ್ರದೇಶ. ಪೀಣ್ಯದಲ್ಲೊಂದು, ಬೊಮ್ಮಸಂದ್ರದಲ್ಲೊಂದು ಎಂದು ಒಂದೇ ದಿನದಲ್ಲಿ ಎರಡು ಕೆಲಸ ಮುಗಿಸುವುದು ಮೊದಲು ಕನಸಿನ ಮಾತಾಗಿತ್ತು.

ಆದರೆ ದರ? 2025ರ ಫೆಬ್ರವರಿಯ ಪರಿಷ್ಕರಣೆಯಲ್ಲಿ ಕನಿಷ್ಠ 10 ರೂ., ಗರಿಷ್ಠ 90 ರೂ. ಎಂದು ನಿಗದಿಯಾಯಿತು. ದೂರದ ಹಂತಗಳ ಪ್ರಕಾರ ನಾಲ್ಕರಿಂದ ಆರು ಕಿ.ಮೀ.ಗೆ 30, ಹತ್ತರಿಂದ ಹದಿನೈದು ಕಿ.ಮೀ.ಗೆ 60, ಹದಿನೈದರಿಂದ ಇಪ್ಪತ್ತಕ್ಕೆ 70, ಇಪ್ಪತ್ತೈದು ಮೀರಿದರೆ 90 ರೂ. ಸ್ಮಾರ್ಟ್ ಕಾರ್ಡ್ ಬಳಸಿದವರಿಗೆ ಶೇಕಡಾ 5ರ ರಿಯಾಯಿತಿ. ದಟ್ಟಣೆಯಿಲ್ಲದ ವೇಳೆಯಲ್ಲಿ, ಎಂದರೆ ಬೆಳಿಗ್ಗೆ ಎಂಟರ ಒಳಗೆ, ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಮತ್ತು ರಾತ್ರಿ ಒಂಬತ್ತರ ನಂತರ, ಅದು ಶೇಕಡಾ 10 ಆಗುತ್ತದೆ. ಭಾನುವಾರಗಳಂದು ದಿನವಿಡೀ ಶೇಕಡಾ 10.

ಅನಿಯಮಿತ ಪ್ರಯಾಣದ ಪಾಸುಗಳೂ ಇವೆ. ಪ್ರವಾಸಿ ಕಾರ್ಡಿನ ರೂಪದಲ್ಲಿದ್ದ ಇವನ್ನು 2026ರ ಜನವರಿಯಿಂದ ಮೊಬೈಲಿನ ಕ್ಯೂಆರ್ ರೂಪದಲ್ಲಿಯೂ ಕೊಡಲಾರಂಭಿಸಿದರು. ಒಂದು ದಿನಕ್ಕೆ 250 ರೂ., ಮೂರು ದಿನಕ್ಕೆ 550 ರೂ. ‘ಎಷ್ಟು ಬೇಕಾದರೂ ಸುತ್ತಿ’ ಎಂಬ ಮಾತಿಗೆ ಮನಸ್ಸು ಸೋಲುವುದು ಸಹಜ. ಲೆಕ್ಕ ಹಾಕಿ ನೋಡೋಣ. 60 ರೂಪಾಯಿಯ ದೂರದ ಪ್ರಯಾಣಕ್ಕೆ ಸ್ಮಾರ್ಟ್ ಕಾರ್ಡಿನಲ್ಲಿ ತಗಲುವುದು 57 ರೂ. ಅಂತಹ ನಾಲ್ಕು ಪ್ರಯಾಣಗಳಿಗೆ 228 ರೂ.; ಇನ್ನೂ ಪಾಸಿನ ಬೆಲೆ ಮುಟ್ಟಲಿಲ್ಲ. ಐದನೆಯದಕ್ಕೆ 285 ರೂ. ಅಂದರೆ ಹತ್ತು ಕಿಲೋಮೀಟರಿಗೆ ಮೀರಿದ ಐದು ಪ್ರಯಾಣಗಳನ್ನು ಒಂದೇ ದಿನ ಮಾಡಿದರೆ ಮಾತ್ರ ಪಾಸು ಗೆಲ್ಲುತ್ತದೆ. ಕೆಲಸವಿದ್ದು ಹೋದವನು ಒಂದು ಕಡೆ ಕನಿಷ್ಠ ಒಂದು ಗಂಟೆ ಕುಳಿತು ಮಾತನಾಡಬೇಕು, ಊಟ ಮಾಡಬೇಕು. ಐದು ದೀರ್ಘ ಪ್ರಯಾಣ ಅವನಿಂದ ಆಗುವುದು ಅಪರೂಪ. ಊರು ನೋಡಲು ಕುಟುಂಬದೊಡನೆ ಬಂದವರಿಗೆ ಅದು ಆದೀತು.

ಹೀಗೆ ಬಸ್ಸಿನ ದಿನದ ಪಾಸು ಸಾಮಾನ್ಯವಾಗಿ ಲಾಭ, ಮೆಟ್ರೋದ ಒಂದು ದಿನದ ಪಾಸು ಸಾಮಾನ್ಯವಾಗಿ ನಷ್ಟ. ಎರಡಕ್ಕೂ ‘ಪಾಸು’ ಎಂಬ ಒಂದೇ ಹೆಸರಿರುವುದರಿಂದಲೇ ನಮ್ಮ ಜನ ಮೋಸಹೋಗುತ್ತಾರೆ. ಒಂದರ ಪಾಸು ಇನ್ನೊಂದರಲ್ಲಿ ನಡೆಯುವುದಿಲ್ಲ ಎಂಬುದನ್ನೂ ತಿಳಿದಿರಬೇಕು. ಎರಡನ್ನೂ ಬಳಸುವ ದಿನ ಎರಡು ಪಾಸು ಕೊಂಡವರು ಬಹುಪಾಲು ಎರಡರಲ್ಲಿಯೂ ಕಳೆದುಕೊಳ್ಳುತ್ತಾರೆ.

ಸ್ಮಾರ್ಟ್ ಕಾರ್ಡಿನ ವಿಷಯದಲ್ಲಿ ಒಂದು ಎಚ್ಚರಿಕೆ. ಒಳಹೋಗುವಾಗ ಅದರಲ್ಲಿ 90 ರೂ. ಬಾಕಿ ಇರಲೇಬೇಕೆಂಬ ನಿಯಮ ದರ ಪರಿಷ್ಕರಣೆಯೊಡನೆಯೇ ಬಂತು. ಮೂವತ್ತು ರೂಪಾಯಿಯ ದೂರಕ್ಕೆ ಹೋಗುವವನ ಕಾರ್ಡಿನಲ್ಲಿ ಎಂಬತ್ತು ಉಳಿದಿದ್ದರೂ ಗೇಟು ತೆರೆಯದು. ರೈಲು ಹಿಡಿಯುವ ಅವಸರದಲ್ಲಿ ಇದು ತೊಂದರೆ ಕೊಡುತ್ತದೆ.

ಹಿರಿಯ ಗುಮಾಸ್ತರ ಒಂದು ದಿನ

ಈಗ ಆರಂಭದಲ್ಲಿ ಹೇಳಿದ ಪ್ರಕರಣಕ್ಕೆ ಬರೋಣ. ಜಾಬ್‌ವರ್ಕಿಗೆ ಕಳುಹಿಸಿದ ಮಾಲಿನ ಡೆಲಿವರಿ ಚಲನ್‌ಗಳನ್ನು ಪರಿಶೀಲಿಸುತ್ತಿದ್ದಾಗ ಅವುಗಳ ಮೇಲಿನ ಸ್ವೀಕೃತಿಯ ಸಹಿ ಮತ್ತು ದಿನಾಂಕ ನನ್ನ ಕಣ್ಣಿಗೆ ಬಿದ್ದವು. ಒಂದೇ ದಿನ ಹಿರಿಯರು ಪೀಣ್ಯದ ಒಳಭಾಗದ ಎರಡು ಘಟಕಗಳಲ್ಲಿಯೂ ಬೊಮ್ಮಸಂದ್ರದ ಒಂದು ಘಟಕದಲ್ಲಿಯೂ ಇದ್ದರು. ವೋಚರು ಮಾತ್ರ 80 ರೂ. ಸಾಮಾನ್ಯ ಬಸ್ಸಿನಲ್ಲಿ ನಗರದ ಆ ತುದಿಯಿಂದ ಈ ತುದಿಗೆ ದಟ್ಟಣೆಯ ವೇಳೆಯಲ್ಲಿ ಎರಡು ಗಂಟೆಗೂ ಮಿಕ್ಕಿ ಹಿಡಿಯುತ್ತದೆ. ಮೂರು ಕೆಲಸಗಳನ್ನು ಮುಗಿಸಿ ಅದೇ ರಾತ್ರಿ ರೈಲು ಹಿಡಿಯಲು ಸಾಧ್ಯವೇ ಇಲ್ಲ. ಚಲನ್ ಸುಳ್ಳು ಹೇಳುತ್ತಿರಬೇಕು, ಇಲ್ಲವೇ ವೋಚರು.

ಅವರನ್ನು ಕರೆದು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು, ‘ಸಾರ್, ಯಜಮಾನ್ರು ಎಂಬತ್ತು ಅಂದ್ಮೇಲೆ ಎಂಬತ್ತೇ ಬರೆದೆ. ಮಿಕ್ಕಿದ್ದು ನಾನೇ ಹಾಕ್ಕೊಂಡೆ. ಕೇಳಿದ್ರೆ ಕಳ್ಳಲೆಕ್ಕ ಅಂದಾರು ಅಂತ ಸುಮ್ಮನಾದೆ’ ಎಂದರು.

ಅವರ ದಿನದ ಲೆಕ್ಕವನ್ನು ಇಬ್ಬರೂ ಕುಳಿತು ಬರೆದೆವು. ಯಶವಂತಪುರದಿಂದ ಪೀಣ್ಯಕ್ಕೆ ಮೆಟ್ರೋ 20 ರೂ. ನಿಲ್ದಾಣದಿಂದ ಮೊದಲ ಘಟಕಕ್ಕೆ ಆಟೋ 36. ಅಲ್ಲಿಂದ ಎರಡನೆಯದಕ್ಕೆ ಮೂರು ಕಿಲೋಮೀಟರ್, 54. ಅಲ್ಲಿಂದ ಮೆಟ್ರೋ ನಿಲ್ದಾಣಕ್ಕೆ ಮತ್ತೆ 36. ಬೆಂಗಳೂರಿನಲ್ಲಿ 2025ರ ಆಗಸ್ಟಿನಿಂದ ಆಟೋ ಮೀಟರಿನ ಕನಿಷ್ಠ ದರ ಎರಡು ಕಿ.ಮೀ.ಗೆ 36, ಅನಂತರ ಕಿ.ಮೀ.ಗೆ 18 ರೂ. ಆಗಿದೆ. ಪೀಣ್ಯದಿಂದ ಬೊಮ್ಮಸಂದ್ರಕ್ಕೆ ಮೆಟ್ರೋ 90, ಅಲ್ಲಿಂದ ಹಿಂದಕ್ಕೆ ಯಶವಂತಪುರಕ್ಕೆ 90. ಬೊಮ್ಮಸಂದ್ರದ ಘಟಕ ನಿಲ್ದಾಣದಿಂದ ನಡೆದುಹೋಗುವಷ್ಟು ಹತ್ತಿರ. ಒಟ್ಟು 326 ರೂ. ಸಂಸ್ಥೆ ಕೊಟ್ಟದ್ದು 80. ದಿನಕ್ಕೆ 246 ರೂ. ಅವರ ಜೇಬಿನಿಂದ. ತಿಂಗಳಿಗೆ ಎರಡರಂತೆ ನಾಲ್ಕು ತಿಂಗಳಿಗೆ ಎಂಟು ದಿನ, 1,968 ರೂ.

ಮಂಡಿ ನೋವಿನ ಕಾರಣ ಪೀಣ್ಯದ ಒಳರಸ್ತೆಗಳಲ್ಲಿ ಅವರಿಗೆ ನಡೆಯಲಾಗುವುದಿಲ್ಲ. ಮಾದರಿ ಬಿಡಿಭಾಗಗಳ ಕೈಚೀಲ ಬೇರೆ. ಪೀಣ್ಯವನ್ನು ಬಲ್ಲವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಮೆಟ್ರೋ ಆ ಪ್ರದೇಶದ ಅಂಚಿನಲ್ಲಿ ಹಾದುಹೋಗುತ್ತದೆ. ಘಟಕಗಳಿರುವುದು ಒಳಗೆ, ಹಂತಗಳ ಆಳದಲ್ಲಿ. ಯಾವ ಪಾಸೂ ಆ ಕೊನೆಯ ಮೂರು ಕಿಲೋಮೀಟರನ್ನು ತಲುಪುವುದಿಲ್ಲ. ಅತ್ತ ಯುವಕನ ಕೆಲಸವೆಲ್ಲ ಎಸ್.ಜೆ.ಪಿ. ರಸ್ತೆಯ ಸುತ್ತಮುತ್ತ. ಅವನು 80 ರೂಪಾಯಿಯಲ್ಲಿ ಸುಖವಾಗಿ ಸುತ್ತಿ ಬರುತ್ತಿದ್ದ. ಇಬ್ಬರೂ ಪ್ರಾಮಾಣಿಕರೇ, ಇಬ್ಬರ ಪಟ್ಟಿ ಬೇರೆ.

ವಿಷಯ ತಿಳಿದ ಮಾಲೀಕರು ನೊಂದುಕೊಂಡರು. ಕೂಡಲೇ, ‘ಹಾಗಾದರೆ ಅವರಿಗೆ ಮೆಟ್ರೋದ ದಿನದ ಪಾಸನ್ನೇ ಕೊಡಿಸಿಬಿಡೋಣ’ ಎಂದರು. ಮತ್ತೆ ಪಾಸು! 250 ರೂಪಾಯಿಯ ಪಾಸಿಗೆ ಆಟೋದ 126 ಸೇರಿಸಿದರೆ 376 ರೂ.; ಬಿಡಿ ಟಿಕೆಟಿಗಿಂತ 50 ರೂ. ಹೆಚ್ಚು. ಸ್ಮಾರ್ಟ್ ಕಾರ್ಡ್ ಕೊಟ್ಟರೆ ಮೆಟ್ರೋದ 200 ರೂ. 190 ರೂಪಾಯಿಗೆ ಇಳಿಯುತ್ತದೆ. ಆಟೋ ಸೇರಿ 316 ರೂ. ಅವರಿಗೆ ಸಲ್ಲುವುದು ಅದೇ. ಬಸ್ಸಿನಲ್ಲಿಯೇ ಹೋಗೆಂದು ಹಟ ಹಿಡಿದರೆ ಎರಡನೆಯ ದಿನಕ್ಕೆ ವಸತಿಗೃಹದ ಬಾಡಿಗೆ ಸೇರಿ ನೂರಾರು ರೂಪಾಯಿ ಮೇಲೇರುತ್ತದೆ.

ಪಾಸು ಗೆಲ್ಲುವ ಸಂದರ್ಭ

ಮೆಟ್ರೋ ಪಾಸನ್ನು ನಾನು ಸಾರಾಸಗಟಾಗಿ ತಳ್ಳಿಹಾಕುತ್ತಿಲ್ಲ. ಮಾದಾವರದಲ್ಲಿ ನಡೆಯುವ ಇಮ್ಟೆಕ್ಸ್‌ನಂತಹ ಯಂತ್ರೋಪಕರಣ ಮೇಳಕ್ಕೆ ಮೂರು ದಿನ ಹೋಗುವವರ ಉದಾಹರಣೆ ನೋಡಿ. ಮೆಜೆಸ್ಟಿಕ್ ಬಳಿ ತಂಗಿದ್ದಾರೆಂದು ಇಟ್ಟುಕೊಳ್ಳೋಣ. ಹೋಗಲು 70, ಬರಲು 70. ಮೂರು ದಿನಕ್ಕೆ 420, ಸ್ಮಾರ್ಟ್ ಕಾರ್ಡಿನಲ್ಲಿ 399 ರೂ. ಮೂರು ದಿನದ ಪಾಸು 550. ಪಾಸು ಕೊಂಡರೆ 151 ರೂ. ನಷ್ಟ. ಆದರೆ ಪ್ರತಿ ಸಂಜೆಯೂ ಗ್ರಾಹಕರನ್ನೋ ನೆಂಟರನ್ನೋ ಕಾಣಲು ಮತ್ತೆರಡು ಬಾರಿ ಮೂವತ್ತು ರೂಪಾಯಿಯ ಪ್ರಯಾಣ ಮಾಡುವುದಾದರೆ ದಿನಕ್ಕೆ 200, ಮೂರು ದಿನಕ್ಕೆ 600, ಕಾರ್ಡಿನಲ್ಲಿ 570. ಆಗ ಪಾಸು 20 ರೂ. ಉಳಿಸುತ್ತದೆ. ದಿನಕ್ಕೆ ನಾಲ್ಕು ಪ್ರಯಾಣ ಖಚಿತವಾಗಿದ್ದರೆ ಮೂರು ದಿನದ ಪಾಸನ್ನು ಯೋಚಿಸಬಹುದು. ಎರಡೇ ಆದರೆ ಬೇಡ. ಸಂಜೆಯ ಪ್ರಯಾಣ ನಿಜವಾಗಿಯೂ ನಡೆಯುತ್ತದೆಯೇ ಎಂಬುದನ್ನು ಪ್ರಾಮಾಣಿಕವಾಗಿ ಕೇಳಿಕೊಳ್ಳಬೇಕು. ಮೇಳದಲ್ಲಿ ದಿನವಿಡೀ ನಿಂತು ಕಾಲು ಸೋತವರು ಸಂಜೆ ಹಾಸಿಗೆ ಬಿಟ್ಟು ಏಳುವುದಿಲ್ಲ ಎಂಬುದು ನನ್ನ ಸ್ವಂತ ಅನುಭವ.

ಕೊಳ್ಳುವ ಮುನ್ನ ಕೇಳಬೇಕಾದದ್ದು ಇನ್ನೂ ಇದೆ. ‘ದಿನ’ ಎಂದರೆ ಇಪ್ಪತ್ತನಾಲ್ಕು ಗಂಟೆಯೋ, ಕ್ಯಾಲೆಂಡರಿನ ದಿನವೋ? ಬಸ್ಸಿನ ದಿನದ ಪಾಸು ಆ ದಿನದ ಮಧ್ಯರಾತ್ರಿಗೆ ಮುಗಿಯುತ್ತದೆ. ಮಧ್ಯಾಹ್ನ ಮೂರಕ್ಕೆ ಬಂದಿಳಿದವನು ಪೂರ್ತಿ ಬೆಲೆ ಕೊಟ್ಟು ಅರ್ಧ ದಿನ ಕೊಂಡಂತಾಗುತ್ತದೆ. ಪಾಸು ಒಬ್ಬರ ಹೆಸರಿನದು. ಬೆಳಿಗ್ಗೆ ಒಬ್ಬರು, ಮಧ್ಯಾಹ್ನ ಇನ್ನೊಬ್ಬರು ಬಳಸುವಂತಿಲ್ಲ. ಸಾಮಾನ್ಯ ಪಾಸು ಹವಾನಿಯಂತ್ರಿತ ಬಸ್ಸಿನಲ್ಲಿ ನಡೆಯದು, ವಜ್ರದ ದಿನದ ಪಾಸು ವಿಮಾನ ನಿಲ್ದಾಣದ ವಾಯುವಜ್ರದಲ್ಲಿ ನಡೆಯದು. ಕಾರ್ಡಿನ ರೂಪದ ಮೆಟ್ರೋ ಪಾಸಿಗೆ 50 ರೂಪಾಯಿಯ ಮರಳಿ ಕೊಡಬೇಕಾದ ಠೇವಣಿ ಇರುತ್ತದೆ. ಒಂದು ಸಂಸ್ಥೆಯ ಮೇಜಿನ ಸೆಳೆಖಾನೆಯಲ್ಲಿ ಅಂತಹ ಹನ್ನೊಂದು ಹಳೆಯ ಕಾರ್ಡುಗಳು ರಬ್ಬರ್ ಬ್ಯಾಂಡ್ ಸುತ್ತಿ ಮಲಗಿದ್ದವು. 550 ರೂಪಾಯಿಯ ಠೇವಣಿ. ಲೆಕ್ಕದಲ್ಲಿ ಎಲ್ಲವೂ ವೆಚ್ಚ! ಮೊಬೈಲಿನ ಪಾಸಿಗೆ ಈ ಠೇವಣಿಯ ಗೋಜಿಲ್ಲ.

ಮಾದರಿ ಪೆಟ್ಟಿಗೆ ಒಯ್ಯುವವರು ಮೆಟ್ರೋದಲ್ಲಿ ಸಾಮಾನಿಗೆ ಅಳತೆಯ ಮಿತಿಯಿದೆಯೆಂಬುದನ್ನು ಗಮನಿಸಬೇಕು. ಜವಳಿಯ ಮೂಟೆ ಹಿಂತಿರುಗುವ ದಾರಿಯಲ್ಲಿದ್ದರೆ ಪಾಸಿನ ಮಾತೇ ಬೇಡ. ಪಾರ್ಸೆಲ್ ಆಫೀಸೇ ಗತಿ.

ಬೇರೆ ನಗರಗಳು

ಮುಂಬಯಿಗೆ ಹೋಗುವ ನಮ್ಮ ಜವಳಿ ವರ್ತಕರು ಇದೇ ಲೆಕ್ಕವನ್ನು ಅಲ್ಲಿಗೂ ಅನ್ವಯಿಸಬಹುದು, ಫಲಿತಾಂಶ ಮಾತ್ರ ಬೇರೆಯಾಗುತ್ತದೆ. ಉಪನಗರ ರೈಲಿನಲ್ಲಿ ಒಂದು, ಮೂರು ಮತ್ತು ಐದು ದಿನಗಳ ಪ್ರವಾಸಿ ಟಿಕೆಟುಗಳು ದೊರೆಯುತ್ತವೆ. ಆದರೆ ಎರಡನೆಯ ದರ್ಜೆಯ ಬಿಡಿ ಟಿಕೆಟು 5 ರೂಪಾಯಿಯಿಂದಲೇ ಆರಂಭವಾಗುವಷ್ಟು ಅಗ್ಗವಾದುದರಿಂದ, ದಾದರ್ ಮತ್ತು ಮಸೀದಿ ಬಂದರ್ ನಡುವೆ ಎರಡು ಬಾರಿ ಓಡಾಡುವವನಿಗೆ ಅದು ಗಿಟ್ಟುವುದಿಲ್ಲ. ಬೆಸ್ಟ್ ಬಸ್ಸಿನಲ್ಲಿ 2025ರ ಮೇ ತಿಂಗಳಲ್ಲಿ ಕನಿಷ್ಠ ದರ 10 ರೂ., ದಿನದ ಪಾಸು 75 ರೂ. ಆಯಿತು; ಚಿಕ್ಕ ದೂರದ ಪ್ರಯಾಣಗಳಾದರೆ ಎಂಟು ಬಾರಿ ಹತ್ತಬೇಕು.

ಎರಡು ಮೂರು ನಗರಗಳಿಗೆ ಹೋಗುವ ಅಭ್ಯಾಸವಿರುವವರು ಬ್ಯಾಂಕುಗಳು ಕೊಡುವ ರಾಷ್ಟ್ರೀಯ ಸಾಮಾನ್ಯ ಸಂಚಾರ ಕಾರ್ಡನ್ನು ಇಟ್ಟುಕೊಳ್ಳುವುದು ಮೇಲು. 2019ರ ಮಾರ್ಚಿನಲ್ಲಿ ಆರಂಭವಾದ ಈ ವ್ಯವಸ್ಥೆಯ ರೂಪೇ ಕಾರ್ಡು ಬೆಂಗಳೂರು, ದೆಹಲಿ, ಚೆನ್ನೈ ಮೆಟ್ರೋಗಳಲ್ಲಿ ನಡೆಯುತ್ತದೆ. ಊರಿಗೊಂದು ಕಾರ್ಡು, ಪ್ರತಿಯೊಂದರಲ್ಲಿಯೂ ಒಂದಿಷ್ಟು ಬಾಕಿ ಸಿಕ್ಕಿಕೊಳ್ಳುವುದು ತಪ್ಪುತ್ತದೆ.

ಲಂಡನ್ ನಗರದ ಪದ್ಧತಿ ಅನುಕರಣೀಯ. ಅಲ್ಲಿ 2005ರಿಂದ ಆಯಿಸ್ಟರ್ ಕಾರ್ಡಿನಲ್ಲಿ ದಿನದ ಗರಿಷ್ಠ ಮಿತಿಯ ವ್ಯವಸ್ಥೆಯಿದೆ. ಪ್ರಯಾಣಿಕ ಹತ್ತಿದಷ್ಟಕ್ಕೆ ತೆರುತ್ತಾ ಹೋಗುತ್ತಾನೆ. ಮೊತ್ತ ನಿಗದಿತ ಮಿತಿಯನ್ನು ಮುಟ್ಟಿದೊಡನೆ ಆ ದಿನದ ಉಳಿದ ಪ್ರಯಾಣಗಳಿಗೆ ಯಂತ್ರವೇ ಶುಲ್ಕವನ್ನು ನಿಲ್ಲಿಸಿಬಿಡುತ್ತದೆ. ಅಂದರೆ ನಾವು ಇಷ್ಟು ಪುಟ ವ್ಯಯಿಸಿ ಮಾಡಿದ ಲೆಕ್ಕವನ್ನು ಅಲ್ಲಿ ಗೇಟೇ ಮಾಡುತ್ತದೆ, ಅದೂ ಪ್ರಯಾಣಿಕನ ಪರವಾಗಿ. ನಮ್ಮ ನಗರಗಳಲ್ಲಿ ಬಸ್ಸಿಗೂ ಮೆಟ್ರೋಗೂ ಸೇರಿ ಇಂತಹ ಒಂದು ಮಿತಿ ಬರಬೇಕೆಂದು ವಾಣಿಜ್ಯ ಸಂಸ್ಥೆಗಳು ಒತ್ತಾಯಿಸಿದರೆ ತಪ್ಪಿಲ್ಲ.

ಲೆಕ್ಕಪುಸ್ತಕದಲ್ಲಿ

ಮೆಟ್ರೋ ಪ್ರಯಾಣವೂ ಹವಾನಿಯಂತ್ರಿತವಲ್ಲದ ನಗರ ಬಸ್ಸಿನ ಪ್ರಯಾಣವೂ ಜಿ.ಎಸ್.ಟಿ.ಯಿಂದ ವಿನಾಯಿತಿ ಪಡೆದಿವೆ. ಆದ್ದರಿಂದ ಅವುಗಳ ಮೇಲೆ ಹೂಡುವಳಿ ತೆರಿಗೆಯ ಜಮೆಯ ಪ್ರಶ್ನೆಯೇ ಇಲ್ಲ. ಟ್ಯಾಕ್ಸಿಯ ಬಿಲ್ಲಿನಲ್ಲಿ ತೆರಿಗೆ ನಮೂದಾಗಿರುವುದನ್ನು ಕಂಡು ‘ಜಮೆ ಸಿಗುತ್ತದಲ್ಲ’ ಎಂದು ಅದನ್ನೇ ಆರಿಸಿಕೊಳ್ಳುವವರು ಇದ್ದಾರೆ. ಪ್ರಯಾಣಿಕರ ಸಾಗಣೆಯ ಇಂತಹ ವೆಚ್ಚಗಳಲ್ಲಿ ಸಾಮಾನ್ಯವಾಗಿ ಆ ಜಮೆ ದೊರೆಯುವುದಿಲ್ಲ. ಸಂಸ್ಥೆಯ ಕೆಲಸಕ್ಕೆ ಓಡಾಡಿದ ಸಿಬ್ಬಂದಿಗೆ ನಿಜವಾದ ಖರ್ಚನ್ನು ಮರಳಿಸಿದರೆ ಅದು ಅವನ ಆದಾಯವೆನಿಸುವುದಿಲ್ಲ.

ದಾಖಲೆಯ ವಿಷಯದಲ್ಲಿ ಒಂದು ಪುಟ್ಟ ಸಂಗತಿ. ಕಂಡಕ್ಟರರ ಯಂತ್ರದಿಂದ ಬರುವ ಟಿಕೆಟಿನ ಅಕ್ಷರಗಳು ಕೆಲವೇ ತಿಂಗಳಲ್ಲಿ ಮಾಸಿಹೋಗುತ್ತವೆ. ಲೆಕ್ಕಪರಿಶೋಧನೆಯ ಹೊತ್ತಿಗೆ ನಮ್ಮ ಮುಂದೆ ಬರುವುದು ಬಿಳಿಯ ಚೀಟಿಗಳ ಕಂತೆ. ಹಿಂತಿರುಗಿದ ದಿನವೇ ಮೊಬೈಲಿನಲ್ಲಿ ಚಿತ್ರ ತೆಗೆದು ವೋಚರಿನೊಡನೆ ಇಟ್ಟರೆ ಸಾಕು.

ಆ ಘಟಕದಲ್ಲಿ ಈಗ ಸಂಚಾರದ ವೋಚರಿಗೆ ಒಂದು ಅಂಕಣ ಹೆಚ್ಚಾಗಿದೆ. ಎಲ್ಲಿಂದ ಎಲ್ಲಿಗೆ, ಯಾವ ವಾಹನ, ಎಷ್ಟು ಎಂಬುದರ ಪಕ್ಕದಲ್ಲಿ ಯಾವ ಕೆಲಸಕ್ಕೆ ಎಂದು ಬರೆಯಬೇಕು. ಜಾಬ್‌ವರ್ಕ್ ಆದರೆ ಚಲನ್ ಸಂಖ್ಯೆಯನ್ನೂ ನಮೂದಿಸಬೇಕು. ಹೊರಡುವ ಹಿಂದಿನ ದಿನ ಪಟ್ಟಿ ನೋಡಿ ಬಸ್ಸಿನ ಪಾಸೋ, ಸ್ಮಾರ್ಟ್ ಕಾರ್ಡೋ ಎಂದು ಹೋಗುವವರೇ ತೀರ್ಮಾನಿಸುತ್ತಾರೆ. ಯುವಕ ಇಂದಿಗೂ 80 ರೂಪಾಯಿಯ ಪಾಸಿನಲ್ಲಿಯೇ ಸುತ್ತುತ್ತಾನೆ. ಹಿರಿಯರಿಗೆ ಬರಬೇಕಾದ 1,968 ರೂಪಾಯಿಯನ್ನು ಮಾಲೀಕರು ಲಕೋಟೆಯಲ್ಲಿಟ್ಟು ತಾವೇ ಅವರ ಮೇಜಿನ ಬಳಿಗೆ ಹೋಗಿ ಕೊಟ್ಟರು. ಅವರು ಎಣಿಸಿ ನೋಡದೆ ಜೇಬಿಗಿಳಿಸಿಕೊಂಡು, ‘ವೋಚರಿಗೆ ಯಾವ ತಾರೀಖು ಹಾಕ್ಲಿ ಸಾರ್?’ ಎಂದು ನನ್ನನ್ನು ಕೇಳಿದರು.